ಕ್ಷಮೆಗೆ ಬಲಿ ಏಕೆ ಬೇಕಾಯಿತು? ಕ್ರೈಸ್ತರು ಕೊಡುವ ಉತ್ತರಗಳಲ್ಲಿ ಯಾವುದನ್ನು, ಯಾರಿಗೆ ಹೇಳಬೇಕು

ಕಾಸರಗೋಡಿನ ಕಡೆ ಬದುಕುವ ಕನ್ನಡ ಕ್ರೈಸ್ತನಿಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ನೆರೆಮನೆಯ ದೈವದ ಕೋಲಕ್ಕೆ ಹೋಗಿ ಅಂಗಳದಲ್ಲಿ ಕುಳಿತಿರುವಾಗ ಹಿರಿಯರೊಬ್ಬರು, "ಮಾಷ್ಟ್ರೇ, ನಿಮ್ಮ ಯೇಸು ಸತ್ತದ್ದು ನಮ್ಮ ತಪ್ಪುಕಾಣಿಕೆಯ ಹಾಗೆಯೋ?" ಎಂದು ಕೇಳುತ್ತಾರೆ. ಉಪ್ಪಳದಲ್ಲಿ ಅಂಗಡಿ ಇಟ್ಟಿರುವ ಮುಸ್ಲಿಂ ಸ್ನೇಹಿತರು, "ದೇವರು ಕರುಣಾಮಯಿ ಎಂದಮೇಲೆ ಪಶ್ಚಾತ್ತಾಪಪಟ್ಟವನನ್ನು ಹಾಗೆಯೇ ಕ್ಷಮಿಸಬಾರದೇ, ನಡುವೆ ರಕ್ತ ಏಕೆ?" ಎನ್ನುತ್ತಾರೆ. ಹಲವು ವರ್ಷಗಳ ಹಿಂದೆ ನಮ್ಮ ಭಾನುವಾರದ ಪಾಠಶಾಲೆಯಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಪಕ್ಕದ ಮನೆಯ ಹುಡುಗ ಮಾಡಿದ ತಪ್ಪಿಗೆ ಅಪ್ಪ ತನ್ನ ಸ್ವಂತ ಮಗನಿಗೆ ಹೊಡೆದರೆ ಅದು ನ್ಯಾಯವಾ?" ಎಂದು ಕೇಳಿದ್ದಳು. ಆ ದಿನ ನಾನು ಕೊಟ್ಟ ಉತ್ತರ ಅವಳಿಗೆ ಸಾಕಾಗಲಿಲ್ಲ, ನನಗೂ ಸಾಕಾಗಲಿಲ್ಲ. ಈ ಬರಹ ಹುಟ್ಟಿದ್ದು ಅಲ್ಲಿಂದ.

ಮೇಲಿನ ಮೂರೂ ಒಂದೇ ಪ್ರಶ್ನೆಯಂತೆ ಕಂಡರೂ ಒಂದೇ ಅಲ್ಲ. ಮೊದಲನೆಯದು ಬಲಿ ಎಂದರೇನು ಎಂದು ಕೇಳುತ್ತದೆ, ಎರಡನೆಯದು ಅದರ ಅಗತ್ಯವೇನು ಎಂದು ಕೇಳುತ್ತದೆ, ಮೂರನೆಯದು ಅದು ನ್ಯಾಯವೇ ಎಂದು ಕೇಳುತ್ತದೆ. ಕ್ರೈಸ್ತಸಭೆ ಎರಡು ಸಾವಿರ ವರ್ಷಗಳಲ್ಲಿ ಇವಕ್ಕೆ ಹಲವು ವಿವರಣೆಗಳನ್ನು ಕೊಟ್ಟಿದೆ. ಆದರೆ ಬಿಷಪ್ಪರು ಸೇರಿ ನಡೆಸಿದ 325ರ ನಿಸೇಯ ಸಭೆಯಾಗಲಿ 381ರ ಕಾನ್‌ಸ್ಟಾಂಟಿನೋಪಲ್ ಸಭೆಯಾಗಲಿ ಅವುಗಳಲ್ಲಿ ಒಂದನ್ನು ಎತ್ತಿ ಇದೇ ಸರಿ ಎಂದು ವಿಧಿಸಲಿಲ್ಲ. ಆ ಸಭೆಗಳಿಂದ ಬಂದ ವಿಶ್ವಾಸಪ್ರಮಾಣವು ಯೇಸು ನಮಗಾಗಿ ಶಿಲುಬೆಗೇರಿದನೆಂದು ಹೇಳಿ, ಆ ಮರಣದಿಂದ ಪಾಪಕ್ಷಮೆ ಹೇಗೆ ಉಂಟಾಗುತ್ತದೆ ಎಂಬುದನ್ನು ವಿವರಿಸದೆ ಬಿಟ್ಟಿದೆ. ಆದ್ದರಿಂದ ಭಾನುವಾರದ ಪಾಠ ಹೇಳುವವರಿಗೂ ನೆರೆಯವರಿಗೆ ಉತ್ತರ ಕೊಡಬೇಕಾದವರಿಗೂ ಇಲ್ಲಿ ಆರಿಸಿಕೊಳ್ಳುವ ಅವಕಾಶವಿದೆ. ಆರಿಸುವಾಗ ಯಾವ ವಿವರಣೆ ಏನನ್ನು ಬೆಳಗಿಸುತ್ತದೆ, ಯಾವುದು ಎಲ್ಲಿ ಮುಗ್ಗರಿಸುತ್ತದೆ ಎಂಬುದು ಗೊತ್ತಿರಬೇಕು.

ಮೊದಲು ನಮ್ಮ ಮನೆಯ ಒಂದು ಸಂಗತಿಯನ್ನು ಹೇಳುತ್ತೇನೆ. ಮುಂದೆ ಪ್ರತಿಯೊಂದು ವಿವರಣೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು.

ನನ್ನ ತಂದೆಯವರು ದೊಡ್ಡಪ್ಪನ ಮಗನಿಗೆ ಅಡಿಕೆ ತೋಟದ ಖರ್ಚಿಗೆಂದು ಸಾಲ ಕೊಟ್ಟಿದ್ದರು. ಆ ಮಳೆಗಾಲ ಅವರು ಸಕಾಲದಲ್ಲಿ ಮದ್ದು ಬಿಡಿಸಲಿಲ್ಲ; ಕೊಟ್ಟ ಹಣದಲ್ಲಿ ಒಂದು ಪಾಲನ್ನು ಬೇರೆಡೆ ಕಳೆದದ್ದೂ ಆಮೇಲೆ ತಿಳಿಯಿತು. ಕೊಳೆರೋಗ ಬಂದು ಎಳೆಯ ಅಡಿಕೆಯೆಲ್ಲ ಬುಡದಲ್ಲಿ ಉದುರಿತು. ಅವರು ಬಂದು ಜಗಲಿಯಲ್ಲಿ ತಲೆ ತಗ್ಗಿಸಿ ಕುಳಿತಾಗ ತಂದೆ ಪೆಟ್ಟಿಗೆಯಿಂದ ಪ್ರಾಮಿಸರಿ ನೋಟು ತೆಗೆದು, ನಾಲ್ಕು ತುಂಡು ಮಾಡಿ ಒಲೆಗೆ ಹಾಕಿದರು. ಮುಂದಿನ ಬೇಸಗೆಯಲ್ಲಿ ಹಂಚು ಇಳಿಸಿ, ಕುಂಬಾದ ಪಕ್ಕಾಸು ರೀಪುಗಳನ್ನು ಬದಲಿಸಲು ಆ ಹಣವನ್ನೇ ನಂಬಿದ್ದೆವು. ಅದು ಆಗಲಿಲ್ಲ. ಎರಡು ಮಳೆಗಾಲ ನಡುಕೋಣೆಯಲ್ಲಿ ಸೋರುವ ಕಡೆ ತಾಮ್ರದ ಚರಿಗೆ ಇಟ್ಟು ಮಲಗಿದೆವು. ಅದು ತುಂಬಿದಾಗ ಅಮ್ಮ ರಾತ್ರಿ ಎದ್ದು ಚೆಲ್ಲಿ ಬರುತ್ತಿದ್ದರು. ಸಾಲ ಮನ್ನಾ ಆಯಿತೆಂದು ಊರು ಹೇಳಿತು. ಮನ್ನಾ ಆದ ಮೊತ್ತ ಗಾಳಿಯಲ್ಲಿ ಕರಗಲಿಲ್ಲ, ನಮ್ಮ ಮಾಡಿನಿಂದ ಸೋರಿತು. ಮನ್ನಿಸಿದವರೂ ಅದರ ಹೊರೆ ಹೊತ್ತವರೂ ಒಬ್ಬರೇ ಆಗಿದ್ದರು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಬಲಿಯ ಭಾಷೆ

ಎಲ್ಲ ವಿವರಣೆಗಳಿಗೂ ತಳಪಾಯ, ಸತ್ಯವೇದದ (ಬೈಬಲಿನ) ಹಳೆಯ ಒಡಂಬಡಿಕೆಯಲ್ಲಿರುವ ಯಾಜಕಕಾಂಡ ಎಂಬ ಪುಸ್ತಕ. ಅದರ 16ನೆಯ ಅಧ್ಯಾಯದಲ್ಲಿ ಬರುವ ದೋಷಪರಿಹಾರಕ ದಿನದ ವಿಧಿಯನ್ನು ನಿಧಾನವಾಗಿ ಓದಿದರೆ, ನಾವು ಸಾಮಾನ್ಯವಾಗಿ ಗಮನಿಸದ ಒಂದು ವಿಷಯ ಕಾಣುತ್ತದೆ. ಅಲ್ಲಿ ಎರಡು ಹೋತಗಳಿವೆ. ಒಂದನ್ನು ವಧಿಸಿ ಅದರ ರಕ್ತವನ್ನು ಪರಿಶುದ್ಧ ಸ್ಥಳದೊಳಗೆ ಒಯ್ದು ಅಲ್ಲಿನ ಪವಿತ್ರ ಪೆಟ್ಟಿಗೆಯ ಮುಚ್ಚಳವಾದ ಕೃಪಾಸನದ ಮೇಲೆ ಚಿಮುಕಿಸುತ್ತಾರೆ. ಇನ್ನೊಂದರ ತಲೆಯ ಮೇಲೆ ಮಹಾಯಾಜಕನು ಎರಡೂ ಕೈಗಳನ್ನಿಟ್ಟು ಜನರ ಪಾಪಗಳನ್ನು ಅರಿಕೆ ಮಾಡಿ, ಅದನ್ನು ಜೀವಂತವಾಗಿಯೇ ಅರಣ್ಯಕ್ಕೆ ಅಟ್ಟಿಸುತ್ತಾನೆ. ಪಾಪ ಹೊತ್ತ ಹೋತ ಸಾಯುವುದಿಲ್ಲ. ಸತ್ತ ಹೋತದ ಮೇಲೆ ಪಾಪವನ್ನು ಹೊರಿಸಿರುವುದಿಲ್ಲ. ಹಾಗಾಗಿ, "ಪ್ರಾಣಿಗೆ ಶಿಕ್ಷೆ ಕೊಟ್ಟು ಮನುಷ್ಯನನ್ನು ಬಿಡುವುದೇ ಬಲಿ" ಎಂಬ ಅರ್ಥವನ್ನು ಈ ಅಧ್ಯಾಯ ಸುಲಭವಾಗಿ ಒಪ್ಪುವುದಿಲ್ಲ. ಮುಂದಿನ ಅಧ್ಯಾಯದ 11ನೆಯ ವಚನ ಕಾರಣವನ್ನು ಹೇಳುತ್ತದೆ: ಪ್ರಾಣವು ರಕ್ತದಲ್ಲಿದೆ, ದೋಷಪರಿಹಾರಕ್ಕಾಗಿ ಅದನ್ನು ಯಜ್ಞವೇದಿಯ ಮೇಲೆ ನಿಮಗೆ ಅನುಗ್ರಹಿಸಿದವನು ನಾನೇ ಎಂದು ಅಲ್ಲಿ ದೇವರು ಹೇಳುತ್ತಾನೆ. ಪಾಪದಿಂದ ಮಲಿನವಾದದ್ದನ್ನು ಜೀವದಿಂದ ತೊಳೆಯುವುದು ಅಲ್ಲಿನ ಚಿತ್ರ, ಮತ್ತು ಆ ಜೀವವನ್ನು ಕೊಡುವವನು ದೇವರು.

ತಪ್ಪುಕಾಣಿಕೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಗುತ್ತದೆಂದು ನನ್ನ ಅಭಿಪ್ರಾಯ. ತಪ್ಪುಕಾಣಿಕೆಯಲ್ಲಿ ತಪ್ಪಿದವನು ದೈವದ ಮುಂದೆ ನಿಂತು, ತನ್ನ ಕೈಯಿಂದ ಏನನ್ನಾದರೂ ಅರ್ಪಿಸಿ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಳ್ಳುವಿಕೆಯೂ ಅರ್ಪಣೆಯೂ ಎರಡೂ ಕಡೆ ಇವೆ. ಆ ಹೋಲಿಕೆಯನ್ನು ಅಲ್ಲಗಳೆಯುವುದು ಅಪ್ರಾಮಾಣಿಕವಾಗುತ್ತದೆ. ಆದರೆ ಕ್ರೈಸ್ತ ನಂಬಿಕೆಯಲ್ಲಿ ಕಾಣಿಕೆಯ ದಿಕ್ಕು ತಿರುಗಿದೆ. ತಪ್ಪಿಗೆ ಗುರಿಯಾದವನೇ ಕಾಣಿಕೆಯನ್ನು ತಂದುಕೊಟ್ಟು, ಕೊನೆಗೆ ಅವನೇ ಕಾಣಿಕೆಯೂ ಆಗುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 3:25ರಲ್ಲಿ ಪೌಲನು ಯೇಸುವಿನ ಬಗ್ಗೆ ಬಳಸುವ ಗ್ರೀಕ್ ಪದ, ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಕೃಪಾಸನಕ್ಕೆ ಬಳಸಿದ ಪದವೇ ಆಗಿದೆ. ಆತನನ್ನು ಮುಂದಿಟ್ಟವನು ದೇವರು ಎಂದೂ ಅದೇ ವಚನ ಹೇಳುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ರಕ್ತಧಾರೆಯಿಲ್ಲದೆ ಪಾಪಕ್ಷಮೆಯಿಲ್ಲ ಎಂಬ ಇಬ್ರಿಯರಿಗೆ ಬರೆದ ಪತ್ರಿಕೆಯ ಮಾತನ್ನು (9:22) ನಮ್ಮ ಪ್ರಸಂಗಗಳಲ್ಲಿ ಕಬ್ಬಿಣದ ನಿಯಮದಂತೆ ಉದ್ಧರಿಸುತ್ತೇವೆ. ಅದೇ ವಚನದ ಆರಂಭದಲ್ಲಿ ಧರ್ಮಶಾಸ್ತ್ರದ ಪ್ರಕಾರ "ಬಹುಮಟ್ಟಿಗೆ" ಎಲ್ಲವೂ ರಕ್ತದಿಂದ ಶುದ್ಧವಾಗುತ್ತವೆ ಎಂಬ ಅರ್ಥದ ಮಾತಿದೆ. ಅದಕ್ಕೆ ಕಾರಣವೂ ಇದೆ. ಎರಡು ಪಾರಿವಾಳಗಳನ್ನೂ ತರಲಾರದ ಬಡವನು ಎಫಾದ ಹತ್ತನೆಯ ಒಂದು ಪಾಲು, ಅಂದರೆ ಸುಮಾರು 2 ಲೀಟರಿನಷ್ಟು ಹಿಟ್ಟನ್ನು ತಂದರೆ ಅವನ ಪಾಪವೂ ಕ್ಷಮಿಸಲ್ಪಡುತ್ತದೆ ಎಂದು ಯಾಜಕಕಾಂಡ 5:11ರಿಂದ ತಿಳಿಯುತ್ತದೆ. ಕ್ರಿಸ್ತಶಕ 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ ಯೆಹೂದ್ಯರು ಪ್ರಾರ್ಥನೆ, ಪಶ್ಚಾತ್ತಾಪ, ದಾನಗಳ ಮೂಲಕ ದೇವರ ಕ್ಷಮೆಯನ್ನು ಅರಸಿದರು. ಬಲಿಗಿಂತ ಕರುಣೆಯನ್ನು ದೇವರು ಮೆಚ್ಚುತ್ತಾನೆಂಬ ಪ್ರವಾದಿ ಹೋಶೇಯನ ಮಾತು ಅವರಿಗೆ ಆಧಾರವಾಯಿತು. ಇವನ್ನು ಮರೆತು, ರಕ್ತವಿಲ್ಲದೆ ದೇವರ ಕೈ ಕಟ್ಟಿಹಾಕಿದಂತಾಗುತ್ತದೆ ಎಂದು ಬೋಧಿಸಿದರೆ, ಸತ್ಯವೇದವನ್ನು ಬಲ್ಲ ಕೇಳುಗರು ನಮ್ಮನ್ನು ನಂಬುವುದಿಲ್ಲ.

ಈ ನಾಡಿನ ಕನ್ನಡಕ್ಕೆ ಇದು ಹೊಸ ಚರ್ಚೆಯೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಲ್ಲಿ, 1894ರ ನಿಘಂಟಿನಿಂದ ಹೆಸರಾದ ಕಿಟ್ಟೆಲ್ ಅವರು ಯಜ್ಞದ ವಿಷಯವಾಗಿಯೇ ಒಂದು ಕೃತಿ ಬರೆದಿದ್ದರು. ಮಂಜೇಶ್ವರದ ಗೋವಿಂದ ಪೈಗಳು, ಕ್ರೈಸ್ತರಲ್ಲದಿದ್ದರೂ, ಯೇಸುವಿನ ಕಡೆಯ ದಿನವನ್ನು ಕುರಿತು ಖಂಡಕಾವ್ಯವನ್ನೇ ರಚಿಸಿದರು.

ಈಡು ಮತ್ತು ಜಯ

ಮಾರ್ಕನ ಸುವಾರ್ತೆ 10:45ರಲ್ಲಿ ಯೇಸು ತನ್ನ ಪ್ರಾಣವನ್ನು ಅನೇಕರ ಬಿಡುಗಡೆಗಾಗಿ ಕೊಡಲು ಬಂದೆನೆಂದು ಹೇಳುತ್ತಾನೆ. ಅಲ್ಲಿ ನಮ್ಮ ಸತ್ಯವೇದ ಬಳಸುವ ಪದ "ಈಡು". ತೋಟದ ಪತ್ರವನ್ನು ಈಡಿಟ್ಟು ಸಾಲ ತಂದವರಿಗೆ ಈ ಪದದ ಭಾರ ಗೊತ್ತು. ಮೂಲದಲ್ಲಿ ಅದು ಗುಲಾಮನನ್ನೋ ಸೆರೆಯಾಳನ್ನೋ ಬಿಡಿಸಲು ತೆರುವ ಬೆಲೆ. ಮೊದಲ ಶತಮಾನಗಳ ಸಭೆಗೆ ಈ ಚಿತ್ರ ಬಹಳ ಪ್ರಿಯವಾಗಿತ್ತು: ಮನುಷ್ಯನು ಪಾಪದ, ಮರಣದ, ಸೈತಾನನ ಸೆರೆಯಲ್ಲಿದ್ದಾನೆ, ಕ್ರಿಸ್ತನು ತನ್ನನ್ನೇ ತೆತ್ತು ಅವನನ್ನು ಬಿಡಿಸುತ್ತಾನೆ.

ಬೆಲೆಯೆಂದ ಕೂಡಲೇ ಅದನ್ನು ಯಾರಿಗೆ ಕೊಟ್ಟದ್ದು ಎಂಬ ಪ್ರಶ್ನೆ ಏಳುತ್ತದೆ. ಅಲೆಕ್ಸಾಂಡ್ರಿಯದ ಓರಿಗೆನ್ ಸೈತಾನನಿಗೆ ಎಂದ. ನಾಲ್ಕನೆಯ ಶತಮಾನದ ನಿಸ್ಸದ ಗ್ರೆಗೊರಿ, ದೈವತ್ವವೆಂಬ ಗಾಳವನ್ನು ಮಾನವದೇಹವೆಂಬ ಎರೆಯೊಳಗೆ ಅಡಗಿಸಿ ಸೈತಾನನನ್ನು ಹಿಡಿದಂತಾಯಿತೆಂದು ವರ್ಣಿಸಿದ. ಅವನ ಸಮಕಾಲೀನನೇ ಆದ ನಾಜಿಯಾಂಜದ ಗ್ರೆಗೊರಿ ಇಂಥ ಮಾತನ್ನು ಸಹಿಸಲಿಲ್ಲ. ದರೋಡೆಕೋರನಿಗೆ ದೇವರೇ ಬೆಲೆ ತೆರುವುದು ಅವಮಾನಕರವೆಂದು ನೇರವಾಗಿ ನಿರಾಕರಿಸಿದ. ನನ್ನ ಮನಸ್ಸು ಈ ಎರಡನೆಯ ಗ್ರೆಗೊರಿಯ ಕಡೆಗಿದೆ. ಈಡಿನ ಚಿತ್ರವನ್ನು ವ್ಯಾಪಾರದ ಲೆಕ್ಕದಂತೆ ಕೊನೆಯವರೆಗೆ ಎಳೆಯಬಾರದು. 1930ರ ಸುಮಾರಿಗೆ ಸ್ವೀಡನ್ನಿನ ಗುಸ್ತಾಫ್ ಔಲೆನ್ ಈ ಹಳೆಯ ವಿವರಣೆಯಲ್ಲಿ ಬೆಲೆಗಿಂತ ಜಯವೇ ಮುಖ್ಯವೆಂದು ತೋರಿಸಿ ಅದಕ್ಕೆ ಮತ್ತೆ ಗೌರವ ತಂದರು. ಕುಡಿತದ ಚಟಕ್ಕೆ ಸಿಕ್ಕವನಿಗೆ, ಸಾವಿನ ಭಯದಲ್ಲಿ ಮಲಗಿರುವವನಿಗೆ, ಮಾಟಕ್ಕೆ ಹೆದರಿ ನಿದ್ದೆಗೆಟ್ಟವನಿಗೆ ಹೇಳಲು ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಕಂಡಿಲ್ಲ. ಆದರೆ ತಾನು ಬೇಕೆಂದೇ ಮಾಡಿದ ತಪ್ಪಿನಿಂದ ಕೊರಗುವವನಿಗೆ ಇದೊಂದೇ ಸಾಲದು. ಅವನು ಸೆರೆಯಾಳು ಮಾತ್ರವಲ್ಲ, ಅಪರಾಧಿಯೂ ಹೌದು.

ಗೌರವದ ಋಣ, ನ್ಯಾಯದ ಶಿಕ್ಷೆ

ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್ 1098ರಲ್ಲಿ ಮುಗಿಸಿದ, ದೇವರು ಮನುಷ್ಯನಾದದ್ದೇಕೆ ಎಂದು ವಿಚಾರಿಸುವ ಗ್ರಂಥದಲ್ಲಿ ಸೈತಾನನನ್ನು ಲೆಕ್ಕದಿಂದಲೇ ತೆಗೆದುಹಾಕಿದರು. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು. ಅದು ತೀರಿಸಲೇಬೇಕಾದ ಋಣ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು ಮಾತ್ರ. ಆದ್ದರಿಂದ ದೇವರೂ ಮನುಷ್ಯನೂ ಆಗಿರುವ ಒಬ್ಬನು ಬೇಕಾಯಿತು. ಸಂವಾದದಲ್ಲಿ ಶಿಷ್ಯನು ಒಂದು ಪಶ್ಚಾತ್ತಾಪ ಸಾಲದೇ ಎಂದಾಗ, ಪಾಪದ ತೂಕ ಎಷ್ಟೆಂದು ನೀನಿನ್ನೂ ಯೋಚಿಸಿಲ್ಲ ಎಂದು ಗುರು ಉತ್ತರಿಸುತ್ತಾನೆ. ಒಡೆಯನ ಮಾನವನ್ನೇ ಮುಖ್ಯವೆಂದು ತಿಳಿದ ಯುರೋಪಿನ ಜಮೀನುದಾರಿ ಸಮಾಜದ ನೆರಳು ಈ ವಾದದ ಮೇಲಿದೆ. ಆದರೂ ಪಾಪವನ್ನು ಹಗುರವಾಗಿ ಎಣಿಸುವವರಿಗೆ ಇದು ಇಂದಿಗೂ ಗಟ್ಟಿ ಉತ್ತರ.

ಅನ್ಸೆಲ್ಮರ ವಾದದಲ್ಲಿ "ಬೇಕೇ ಬೇಕಿತ್ತು" ಎಂಬ ಮಾತು ಬಿಗಿಯಾಗಿದೆ. ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸ್ ಅದನ್ನು ಸಡಿಲಿಸಿದರು. ದೇವರ ಮೇಲೆ ಇನ್ನೊಬ್ಬ ಒಡೆಯನಿಲ್ಲದ ಕಾರಣ ಆತನು ಪರಿಹಾರವನ್ನು ಕೇಳದೆಯೇ ಕ್ಷಮಿಸಿದ್ದರೂ ಅನ್ಯಾಯವಾಗುತ್ತಿರಲಿಲ್ಲ. ಆದರೆ ಶಿಲುಬೆಯ ದಾರಿ ಎಲ್ಲಕ್ಕಿಂತ ತಕ್ಕದ್ದಾಗಿತ್ತು, ಏಕೆಂದರೆ ದೇವರು ತನ್ನನ್ನು ಎಷ್ಟು ಪ್ರೀತಿಸುತ್ತಾನೆಂಬುದು ಮನುಷ್ಯನಿಗೆ ತಿಳಿದದ್ದು ಅದರಿಂದ ಎಂದರು. ನನ್ನ ಉಪ್ಪಳದ ಸ್ನೇಹಿತರಿಗೆ ನಾನು ಮೊದಲು ಹೇಳುವುದು ಇದನ್ನೇ. ದೇವರಿಗೆ ಬೇರೆ ದಾರಿಯೇ ಇರಲಿಲ್ಲ ಎಂದು ನಾವು ಹಟ ಹಿಡಿಯಬೇಕಾಗಿಲ್ಲ. ಯೇಸುವೇ ಶಿಲುಬೆಗೆ ಮುಂಚೆ ಪಾರ್ಶ್ವವಾಯು ರೋಗಿಗೆ ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದನಲ್ಲ. ಆಸ್ತಿ ಹಾಳುಮಾಡಿ ಮನೆಗೆ ಮರಳಿದ ಮಗನ ಕುರಿತು ಯೇಸು ಹೇಳಿದ ಸಾಮ್ಯಕಥೆಯಲ್ಲಿ ತಂದೆ ಯಾರನ್ನೂ ದಂಡಿಸದೆ ಓಡಿಬಂದು ಅಪ್ಪಿಕೊಂಡನಲ್ಲ.

ಹದಿನಾರನೆಯ ಶತಮಾನದ ಪ್ರೊಟೆಸ್ಟಂಟ್ ಸುಧಾರಕರು ಋಣದ ಜಾಗದಲ್ಲಿ ಶಿಕ್ಷೆಯನ್ನಿಟ್ಟರು. ನ್ಯಾಯಶಾಸ್ತ್ರ ಕಲಿತಿದ್ದ ಕ್ಯಾಲ್ವಿನ್ ಅದಕ್ಕೆ ಸ್ಪಷ್ಟ ರೂಪ ಕೊಟ್ಟರು: ನಮಗೆ ಆಗಬೇಕಾಗಿದ್ದ ದಂಡನೆಯನ್ನು ನಿರಪರಾಧಿಯಾದ ಕ್ರಿಸ್ತನು ನಮ್ಮ ಬದಲಿಗೆ ಹೊತ್ತನು. ಯೆಶಾಯ 53, ಗಲಾತ್ಯ 3:13 ಇದಕ್ಕೆ ಆಧಾರ. ಬಾಸೆಲ್ ಮಿಶನ್ನಿನಿಂದ ಬಂದ ನಮ್ಮಂಥ ಸಭೆಗಳಲ್ಲಿ ಹೆಚ್ಚಾಗಿ ಕೇಳುವ ವಿವರಣೆ ಇದೇ, ಮತ್ತು ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದ್ದೂ ಇದೇ. ಇದರ ಬಲವನ್ನು ಕಡೆಗಣಿಸಬಾರದು. ಅನ್ಯಾಯಕ್ಕೊಳಗಾದವರಿಗೆ, ದೇವರು ಅನ್ಯಾಯವನ್ನು ಕಂಡೂ ಕಾಣದವನಂತೆ ಇರುವುದಿಲ್ಲ ಎಂಬ ಭರವಸೆ ಕೊಡುವುದು ಇದು. ಮನಸ್ಸಾಕ್ಷಿ ಚುಚ್ಚುತ್ತಿರುವವನಿಗೆ, ಇನ್ನು ನಿನ್ನ ಮೇಲೆ ಬಾಕಿ ಶಿಕ್ಷೆಯಿಲ್ಲ ಎಂದು ಹೇಳಬಲ್ಲದ್ದೂ ಇದು.

ಆದರೆ ಒಬ್ಬನ ಶಿಕ್ಷೆಯನ್ನು ಇನ್ನೊಬ್ಬನ ಮೇಲೆ ಹಾಕಬಹುದೇ? ಮಗನು ತಂದೆಯ ದೋಷಫಲವನ್ನು ಹೊರುವುದಿಲ್ಲವೆಂದು ಪ್ರವಾದಿ ಯೆಹೆಜ್ಕೇಲನು ಹೇಳುತ್ತಾನೆ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಲಾರರೆಂದು ಕುರಾನ್ ಹೇಳುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂದು ನಮ್ಮ ಗಾದೆಯೂ ಹೇಳುತ್ತದೆ. 1594ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇಟಲಿಯ ಫಾವುಸ್ತೊ ಸೊಚ್ಚೀನಿ ಇನ್ನೊಂದು ಆಕ್ಷೇಪ ಎತ್ತಿದರು: ಋಣ ಪೂರ್ತಿ ಸಂದಿದ್ದರೆ ಕ್ಷಮಿಸಲು ಏನೂ ಉಳಿಯಲಿಲ್ಲ, ಕ್ಷಮಿಸಿದ್ದರೆ ಸಲ್ಲಿಸುವ ಅಗತ್ಯವಿರಲಿಲ್ಲ. ಇದಕ್ಕಿಂತ ಹರಿತವಾದ ಆಕ್ಷೇಪವನ್ನು ನಾನು ಓದಿಲ್ಲ.

ಕೊಡುವವನು ಮತ್ತು ಕ್ಷಮಿಸುವವನು ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂದು ಎಣಿಸಿದರೆ ಆ ಆಕ್ಷೇಪಕ್ಕೆ ಉತ್ತರವಿಲ್ಲ. ನಮ್ಮ ಜಗಲಿಯಲ್ಲಿ ನಡೆದದ್ದನ್ನು ನೋಡಿದರೆ ಉತ್ತರವಿದೆ. ನೋಟು ಹರಿದವರೇ ಸೋರುವ ಮಾಡಿನಡಿ ಮಲಗಿದರು. ಅಲ್ಲಿ ಕ್ಷಮೆಯೂ ನಿಜ, ತೆತ್ತದ್ದೂ ನಿಜ. ತಂದೆಯವರು ಮೂರನೆಯವನೊಬ್ಬನನ್ನು ಹಿಡಿದು ತಂದು ವಸೂಲು ಮಾಡಿದ್ದರೆ ಅದಕ್ಕೆ ಕ್ಷಮೆಯೆಂಬ ಹೆಸರು ಸಲ್ಲುತ್ತಿರಲಿಲ್ಲ. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನೆಂದು ಪೌಲನು ಕೊರಿಂಥದವರಿಗೆ ಬರೆದದ್ದರ ಒಳಗುಟ್ಟು ಇದೇ. ಶಿಲುಬೆಯ ಮೇಲಿರುವವನು ದೇವರ ಸಿಟ್ಟಿಗೆ ಸಿಕ್ಕಿಬಿದ್ದ ಮೂರನೆಯವನಲ್ಲ, ಮನುಷ್ಯನಾದ ದೇವರೇ. ಆತನು ತನ್ನ ಇಷ್ಟದಿಂದ ಪ್ರಾಣವನ್ನು ಕೊಟ್ಟನು. ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರೆಂಬ ತ್ರಿಯೇಕತ್ವದ ಬೋಧನೆಯನ್ನು ಬಿಟ್ಟು ಬದಲಿ ಶಿಕ್ಷೆಯನ್ನು ಮಾತ್ರ ಕಲಿಸಿದರೆ ಆ ಹುಡುಗಿಯ ಆಕ್ಷೇಪವೇ ಗೆಲ್ಲುತ್ತದೆ, ಗೆಲ್ಲಲೂಬೇಕು. ನಮ್ಮನ್ನು ದೇವರು ಪ್ರೀತಿಸತೊಡಗಿದ್ದು ರಕ್ತ ಸುರಿದ ನಂತರವಲ್ಲ, ಪ್ರೀತಿಯೇ ಮೊದಲು ಎಂದು ಅಗಸ್ಟೀನರನ್ನು ಅನುಸರಿಸಿ ಕ್ಯಾಲ್ವಿನ್ನರೇ ಬರೆದಿದ್ದಾರೆ. ಅವರ ಹೆಸರು ಹೇಳುವ ಪ್ರಸಂಗಗಳಲ್ಲಿ ಈ ಮಾತು ಅಪರೂಪವಾಗಿರುವುದು ನನಗೆ ನೋವಿನ ಸಂಗತಿ.

1617ರಲ್ಲಿ ಡಚ್ ನ್ಯಾಯವಾದಿ ಗ್ರೋಟಿಯಸ್, ಸೊಚ್ಚೀನಿಗೆ ಉತ್ತರವಾಗಿ, ದೇವರು ಲೋಕದ ಆಡಳಿತಗಾರನಾಗಿ ನಿಯಮದ ಘನತೆಯನ್ನು ಉಳಿಸಲು ಹೀಗೆ ಮಾಡಿದನೆಂದರು. ಅದು ಜಾಣತನದ ವಾದ, ಆದರೆ ಹೃದಯಕ್ಕೆ ತಲುಪುವುದಿಲ್ಲ. ಪಾಠಶಾಲೆಯಲ್ಲಿ ಅದನ್ನು ಬಿಡಬಹುದು.

ಮನಸ್ಸು ತಿರುಗಿಸುವ ಪ್ರೀತಿ, ಗುಣಪಡಿಸುವ ಜೀವ

ಹನ್ನೆರಡನೆಯ ಶತಮಾನದ ಪೀಟರ್ ಅಬೆಲಾರ್ಡ್, ನಿರಪರಾಧಿಯ ರಕ್ತವನ್ನು ದೇವರು ಬೆಲೆಯಾಗಿ ಕೇಳುವುದು ಕ್ರೂರವಲ್ಲವೇ ಎಂದು ಕೇಳಿ, ಶಿಲುಬೆಯು ನಮ್ಮಲ್ಲಿ ಪ್ರೀತಿಯನ್ನು ಹೊತ್ತಿಸಿ ಪಾಪದ ದಾಸ್ಯದಿಂದ ಬಿಡಿಸುತ್ತದೆ ಎಂದು ವಿವರಿಸಿದರು. ಕ್ಷಮೆ ಪಡೆದವನಲ್ಲಿ ಏನಾಗುತ್ತದೆ ಎಂಬುದನ್ನು ಈ ವಿವರಣೆ ಚೆನ್ನಾಗಿ ಹಿಡಿಯುತ್ತದೆ. ದೊಡ್ಡಪ್ಪನ ಮಗ ಆ ವರ್ಷದಿಂದ ಮೊದಲ ಕೊಯ್ಲಿನ ಬಾಳೆಗೊನೆಯೊಂದನ್ನು ಪ್ರತಿ ಸಲ ತಂದು ನಮ್ಮ ಜಗಲಿಯಲ್ಲಿಡುತ್ತಿದ್ದರು. ಅದು ಸಾಲದ ಕಂತು ಆಗಿರಲಿಲ್ಲ. ತಂದೆಯವರೂ ಹಾಗೆ ಎಣಿಸಲಿಲ್ಲ. ಮುಂದಿನ ಮಳೆಗಾಲಗಳಲ್ಲಿ ಅವರ ತೋಟಕ್ಕೆ ಊರಿನಲ್ಲಿ ಎಲ್ಲರಿಗಿಂತ ಮೊದಲು ಮದ್ದು ಬೀಳುತ್ತಿತ್ತು. ಆದರೆ ಇದಕ್ಕೊಂದು ಮಿತಿಯಿದೆ. ಹರಿದ ನೋಟಿನಲ್ಲಿ ನಿಜವಾದ ಸಾಲವಿದ್ದುದರಿಂದಲೇ ಅದು ಅವರ ಮನಸ್ಸನ್ನು ಮುಟ್ಟಿತು. ಶಿಲುಬೆ ಏನನ್ನೂ ಸಾಧಿಸದೆ ಪ್ರೀತಿಯನ್ನು ಬರಿದೆ ತೋರಿಸಿತು ಎಂದರೆ ಆ ಪ್ರೀತಿಯೂ ಪೊಳ್ಳಾಗುತ್ತದೆ.

ಪೂರ್ವದ ಸಭೆಗಳ ದಾರಿ ಬೇರೆ. ಪಾಪವು ಅಪರಾಧ ಮಾತ್ರವಾಗಿದ್ದರೆ ಪಶ್ಚಾತ್ತಾಪ ಸಾಕಾಗುತ್ತಿತ್ತು. ಅದು ಮನುಷ್ಯಸ್ವಭಾವವನ್ನೇ ಕೊಳೆಯಿಸಿ ಮರಣಕ್ಕೆ ಒಪ್ಪಿಸಿರುವುದರಿಂದ, ಜೀವವೇ ಆದವನು ಮರಣದೊಳಗೆ ಇಳಿದು ಅದನ್ನು ಒಳಗಿನಿಂದ ಗುಣಪಡಿಸಬೇಕಾಯಿತು ಎಂದು ನಾಲ್ಕನೆಯ ಶತಮಾನದ ಅಥನಾಸಿಯಸ್ ಬರೆದರು. ಇಪ್ಪತ್ತನೆಯ ಶತಮಾನದಲ್ಲಿ ತಿರುವಾಂಕೂರಿನಿಂದ ನಮ್ಮ ಜಿಲ್ಲೆಯ ಮಲೆಭಾಗಕ್ಕೆ ಬಂದು ನೆಲೆಸಿದ ಸುರಿಯಾನಿ ಕ್ರೈಸ್ತರ ಆರಾಧನೆಯಲ್ಲಿ ಈ ಔಷಧಿಯ ಭಾಷೆ ಇಂದಿಗೂ ಕೇಳುತ್ತದೆ. ಪಶ್ಚಾತ್ತಾಪ ಏಕೆ ಸಾಲದು ಎಂಬ ಪ್ರಶ್ನೆಗೆ ಇದು ಅನ್ಸೆಲ್ಮರ ಉತ್ತರಕ್ಕಿಂತ ಮೃದುವಾಗಿಯೂ ನನ್ನ ದೃಷ್ಟಿಯಲ್ಲಿ ಆಳವಾಗಿಯೂ ಇದೆ. ನಮ್ಮ ಸಭೆಗಳು ಇದನ್ನು ಹೆಚ್ಚು ಕಲಿಯಬೇಕು.

ಆರಿಸಿಕೊಳ್ಳುವಾಗ

ಪಾಠ ಹೇಳುವವರು ಒಂದೇ ವಿವರಣೆಯನ್ನು ಆರಿಸಿ ಉಳಿದವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಎಲ್ಲವನ್ನೂ ಒಂದೇ ತಾಸಿನಲ್ಲಿ ಸುರಿಯಬೇಕೆಂದೂ ಹೇಳುವುದಿಲ್ಲ. ಕೇಳುವವರ ನೋವು ಎಲ್ಲಿದೆಯೆಂದು ಮೊದಲು ನೋಡಬೇಕು. ಭಯದಲ್ಲಿರುವವರಿಗೆ ಜಯದ ಮಾತು, ತಾವು ಮಾಡಿದ್ದರಿಂದ ಬೇಯುತ್ತಿರುವವರಿಗೆ ಬದಲಿಗೆ ನಿಂತವನ ಮಾತು, ತಪ್ಪನ್ನು ಬಿಡಲಾರದೆ ಸೋತವರಿಗೆ ಗುಣಪಡಿಸುವವನ ಮಾತು ತಕ್ಕದ್ದು. ಕೋಲದ ಅಂಗಳದಲ್ಲಿ ಕೇಳಿದ ಹಿರಿಯರಿಗೆ ಬಲಿಯ ಭಾಷೆಯೇ ಸರಿ. ಅದು ಅವರಿಗೂ ಪರಿಚಿತ. ಮುಸ್ಲಿಂ ಸ್ನೇಹಿತರೊಡನೆ ಮಾತನಾಡುವಾಗ, ಯೇಸು ಶಿಲುಬೆಯ ಮೇಲೆ ಸತ್ತನೆಂಬುದನ್ನೇ ಅವರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ ಎಂಬುದನ್ನು ಮರೆಯಬಾರದು. ದೇವರು ಕರುಣಾಮಯಿ ಎಂಬ ಒಪ್ಪಿದ ಮಾತಿನಿಂದ ಹೊರಟು, ಆ ಕರುಣೆ ಎಲ್ಲಿಯವರೆಗೆ ಇಳಿದು ಬರಬಲ್ಲದು ಎಂಬ ಪ್ರಶ್ನೆಗೆ ಬರುವುದು ಒಳ್ಳೆಯದು.

ಯಾವ ವಿವರಣೆಯನ್ನು ಎತ್ತಿಕೊಂಡರೂ ನಾನು ಬಳಸುವ ಒರೆಗಲ್ಲು ಒಂದೇ: ಇದರಲ್ಲಿ ಕ್ಷಮಿಸುವವನೂ ತೆರುವವನೂ ಒಬ್ಬನೇ ಆಗಿ ಉಳಿದಿದ್ದಾನೆಯೇ? ಇಬ್ಬರಾಗಿ ಒಡೆದಿದ್ದರೆ, ಅದು ಎಷ್ಟೇ ಪರಿಚಿತವಾದ ಪ್ರಸಂಗವಾಗಿದ್ದರೂ ಅಲ್ಲಿ ನಿಲ್ಲಿಸಿ ತಿದ್ದಿಕೊಳ್ಳಬೇಕು. ಈಗ ನಾನು ಶುಭಶುಕ್ರವಾರದ ಹಿಂದಿನ ಭಾನುವಾರ ಹಿರಿಯ ತರಗತಿಯವರಿಂದ ಯಾಜಕಕಾಂಡದ ಹಿಟ್ಟಿನ ಅರ್ಪಣೆಯ ವಚನವನ್ನು ಮೊದಲು ಓದಿಸಿ, ಆಮೇಲೆ ಇಬ್ರಿಯರಿಗೆ ಬರೆದ ಪತ್ರಿಕೆಯ ಒಂಬತ್ತನೆಯ ಅಧ್ಯಾಯವನ್ನು ಓದಿಸುತ್ತೇನೆ. ಹಿಟ್ಟು ಸಾಕಾಗುತ್ತಿದ್ದರೆ ಶಿಲುಬೆ ಏಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಮತ್ತು ಪಾಠ ಆರಂಭವಾಗುವುದು ಆಗ.